ಕಿಡ್ನಿಗೊಂದು ಕಟ್ಟಡ, ಕ್ಷಯಕ್ಕೊಂದು ಕಟ್ಟಡ

ನಮ್ಮ ಬೀದಿಯ ಖಾಲಾ ಒಬ್ಬರು ಎರಡು ವರ್ಷಗಳಿಂದ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುತ್ತಿದ್ದರು. ಸಂಜೆಯಾದರೆ ಸಣ್ಣ ಜ್ವರ, ಊಟ ಸೇರದು. ಕೇಳಿದಾಗಲೆಲ್ಲ ಒಂದೇ ಉತ್ತರ: 'ಕಿಡ್ನಿ ಹೋದವರಿಗೆ ಇದೆಲ್ಲ ಇದ್ದದ್ದೇ.' ನಾವೂ ನಂಬಿದೆವು. ಡಯಾಲಿಸಿಸ್‌ಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತೂಕ ನೋಡುತ್ತಿದ್ದರು. ಮೈಯಲ್ಲಿ ನಿಂತ ನೀರಿನ ಮರೆಯಲ್ಲಿ ಮಾಂಸ ಕರಗುತ್ತಿರುವುದು ಯಾರ ಕಣ್ಣಿಗೂ ಬೀಳಲಿಲ್ಲ. ನಾಲ್ಕು ತಿಂಗಳ ಬಳಿಕ ಕತ್ತಿನಲ್ಲಿ ಗಂಟು ಎದ್ದಿತು. ಸೂಜಿ ಹಾಕಿ ಪರೀಕ್ಷಿಸಿದಾಗ, ಕ್ಷಯ.

ಇದನ್ನು ತಕ್ದೀರ್ ಎಂದು ಒಪ್ಪಲು ನಾವು ಸಿದ್ಧರಿಲ್ಲ. ಕಿಡ್ನಿ ಕೆಟ್ಟರೆ ದೇಹದ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ವರ್ಷಗಟ್ಟಲೆ ಒಳಗೆ ಮಲಗಿದ್ದ ಕ್ಷಯದ ಕ್ರಿಮಿ ಆಗ ಎದ್ದು ಕೂರಬಹುದು. ಅದೂ ಶ್ವಾಸಕೋಶದಲ್ಲೇ ಎಂದಿಲ್ಲ. ಗ್ರಂಥಿಯಲ್ಲಿ, ಹೊಟ್ಟೆಯ ಪೊರೆಯಲ್ಲಿ, ಮೂಳೆಯಲ್ಲಿ. ಕೆಮ್ಮಿಗೆ ಕಾಯುತ್ತಾ ಕೂತರೆ ಕೆಮ್ಮು ಬಾರದೇ ಹೋಗಬಹುದು. ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಯೂ ಇಂಥವರಲ್ಲಿ ಸೋಂಕಿದ್ದರೂ 'ಇಲ್ಲ' ಎಂದುಬಿಡುತ್ತದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಇರುವ ದೇಶದ ವೈದ್ಯರಿಗೆ ಇದು ಹೊಸ ಸುದ್ದಿಯೇ?

ಅಲ್ಲ. ಡಯಾಲಿಸಿಸ್‌ನಲ್ಲಿರುವವರನ್ನು ಕ್ಷಯ ತಡೆ ಚಿಕಿತ್ಸೆಗೆ ಪರಿಗಣಿಸಬೇಕೆಂದು 2021ರ ರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಖಾಲಾರ ಎದುರು ಆ ಮಾತನ್ನು ಒಬ್ಬರೂ ಎತ್ತಿರಲಿಲ್ಲ. 2016ರಿಂದ ಬಡವರಿಗೆ ಉಚಿತ ಡಯಾಲಿಸಿಸ್ ಯೋಜನೆ ಇದೆ. 2025ರೊಳಗೆ ಕ್ಷಯವನ್ನು ಮುಗಿಸುವ ಘೋಷಣೆಯೂ ಇತ್ತು. ವರ್ಷ ಕಳೆಯಿತು, ಕ್ಷಯ ಉಳಿಯಿತು. ಎರಡೂ ಯೋಜನೆಗಳು ಒಬ್ಬರ ಮೈಯಲ್ಲೇ ಕೂಡುತ್ತವೆ ಎಂಬುದು ಮಾತ್ರ ಯಾರಿಗೂ ನೆನಪಿಲ್ಲ.

ಮದ್ದಿನ ಕಥೆ ಕೇಳಿ. ಕ್ಷಯದ ಕೌಂಟರಿನಲ್ಲಿ ತೂಕ ನೋಡಿ ನಾಲ್ಕು ಔಷಧ ಒಂದಾಗಿಸಿದ ಮಾತ್ರೆ ಕೊಟ್ಟರು. ಅದರಲ್ಲಿರುವ ಎಥಾಂಬುಟಾಲ್ ಮೈಯಿಂದ ಹೊರಹೋಗಬೇಕಾದದ್ದು ಕಿಡ್ನಿಯ ದಾರಿಯಲ್ಲಿ. ಕಿಡ್ನಿಯೇ ಇಲ್ಲದಿದ್ದರೆ? ಅದು ಮೈಯಲ್ಲೇ ಉಳಿದು ಕಣ್ಣಿಗೆ ಕುತ್ತು ತರಬಹುದು. ಇಂಥವರಿಗೆ ಎಥಾಂಬುಟಾಲ್, ಪೈರಾಜಿನಮೈಡ್‌ಗಳನ್ನು ಬಿಡಿಯಾಗಿ, ವಾರಕ್ಕೆ ಮೂರೇ ದಿನ, ಡಯಾಲಿಸಿಸ್ ಇರುವ ದಿನ ಅದು ಮುಗಿದ ಮೇಲೆ ಕೊಡಬೇಕು. ಹಾಗೆಂದು ಹೆದರಿ ರಿಫಾಂಪಿಸಿನ್, ಐಸೋನಿಯಜಿಡ್‌ಗಳನ್ನೂ ಕಡಿಮೆ ಮಾಡಿದರೆ ರೋಗ ಹೋಗದು. ಇದನ್ನು ಎರಡು ಕಡೆಯ ವೈದ್ಯರು ಫೋನಿನಲ್ಲಿ ಐದು ನಿಮಿಷ ಮಾತಾಡಿ ತೀರ್ಮಾನಿಸಬಹುದಿತ್ತು. ಬದಲಿಗೆ, ಏಳನೇ ತರಗತಿ ಓದಿದ ಮಗ ಎರಡು ಫೈಲು ಬಗಲಲ್ಲಿಟ್ಟುಕೊಂಡು ಎರಡು ಕಟ್ಟಡಗಳ ನಡುವೆ ಮೂರು ದಿನ ಅಲೆದ.

ಡಯಾಲಿಸಿಸ್‌ಗೆ ಬಂದವರನ್ನು ಪ್ರತಿ ಸಲವೂ ಜ್ವರ ಉಂಟೇ, ಗಂಟು ಉಂಟೇ ಎಂದು ಕೇಳಲು ಯಾವ ಯಂತ್ರ ಬೇಕು? ಎರಡೂ ಕಡೆಯ ಮದ್ದು ಬರೆಯುವ ಒಂದು ಪುಸ್ತಕಕ್ಕೆ ಎಷ್ಟು ಅನುದಾನ ಬೇಕು?

ಬೀದಿಯವರಾದ ನಾವು ಮಾಡಿದ್ದೂ ಕಡಿಮೆಯಲ್ಲ. ಕ್ಷಯ ತಟ್ಟೆ ಲೋಟದಿಂದ ಹರಡುವುದಿಲ್ಲ. ಕತ್ತಿನ ಗಂಟಿನದಂತೂ ಗಾಳಿಯಿಂದಲೂ ಹರಡದು. ಹಾಗಿದ್ದೂ ಮದುವೆಮನೆಯೊಂದರಲ್ಲಿ ಖಾಲಾರಿಗೆ ತಟ್ಟೆ ಬೇರೆ ಇಟ್ಟೆವು. ಅವರು ಅದನ್ನು ಕಂಡರು. ಏನೂ ಹೇಳದೆ ಉಂಡು ಎದ್ದರು.