ದಾದಿಯರು ಕೇಳಬೇಕಾದ ಪ್ರಶ್ನೆ

ನಡುರಾತ್ರಿಯಲ್ಲಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಕೈ ಮುರಿದ ಸ್ತ್ರೀಯೊಬ್ಬಳನ್ನು ಕರೆತರುತ್ತಾರೆ. ಬಚ್ಚಲಲ್ಲಿ ಜಾರಿ ಬಿದ್ದಳೆಂದು ಗಂಡನು ಹೇಳುತ್ತಾನೆ. ಮೈಮೇಲಿನ ಹಳೆಯ ಬಾಸುಂಡೆಗಳು ಬೇರೆಯೇ ಹೇಳುತ್ತವೆ. ಮೂಳೆ ಕೂಡಿಸಿ, ಪಟ್ಟಿ ಕಟ್ಟಿ, ಆಕೆಯನ್ನು ಅದೇ ಮನೆಗೆ ಕಳುಹಿಸಿದರೆ ಚಿಕಿತ್ಸೆಯು ಮುಗಿದಂತಾಯಿತೇ?

ಸಂಸಾರದ ಗುಟ್ಟನ್ನು ಕೆದಕುವುದು ಆಸ್ಪತ್ರೆಯವರ ಕೆಲಸವಲ್ಲವೆಂದು ಕೆಲವರು ಆಕ್ಷೇಪಿಸುವರು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತೆಯರ ಪೈಕಿ ಶೇಕಡಾ 44 ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆಯನ್ನು ಅನುಭವಿಸಿದುದಾಗಿ ತಿಳಿಸಿರುವರು. ಇಡೀ ದೇಶದ ಪ್ರಮಾಣವು ಶೇಕಡಾ 29. ಇಷ್ಟು ಮನೆಗಳ ಸಂಕಟವನ್ನು ಗುಟ್ಟೆಂದು ಕರೆಯುವುದು ಆತ್ಮವಂಚನೆಯಲ್ಲದೆ ಮತ್ತೇನು?

ರೋಗಿಯ ಬಳಿ ಹೆಚ್ಚು ಹೊತ್ತು ಇರುವವಳು ದಾದಿ. ಬಟ್ಟೆ ಬದಲಿಸುವಾಗ ಗಾಯಗಳನ್ನು ಮೊದಲು ಕಾಣುವವಳೂ ಅವಳೇ. ವೈದ್ಯರೆದುರು ಬಾಯಿ ಬಿಡದವಳು ಅವಳೆದುರು ಬಿಡುವಳು. ಬಂದವರೆಲ್ಲರನ್ನೂ ಯಾಂತ್ರಿಕವಾಗಿ ಪ್ರಶ್ನಿಸಬೇಕಾಗಿಲ್ಲ. ಗಾಯಕ್ಕೂ ಹೇಳಿಕೆಗೂ ತಾಳೆಯಾಗದಂತಹ ಸಂದರ್ಭಗಳಲ್ಲಿ ಕೇಳಬೇಕೆಂಬುದೇ 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕೊಟ್ಟ ಸಲಹೆಯ ಸಾರಾಂಶ. ಆದರೆ ಗಂಡನ ಅಥವಾ ಅತ್ತೆಯ ಎದುರಿನಲ್ಲಿ ಕೇಳುವುದು ಕೇಳದಿರುವುದಕ್ಕಿಂತಲೂ ಕೇಡು. ಅದಕ್ಕೆ ಮರೆಯಾದ ಒಂದು ಕೊಠಡಿ ಬೇಕು. ಕೇಳುವವಳಿಗೆ ತರಬೇತು ಬೇಕು. ಕೇಳಿದ ಮೇಲೆ ಕೈಹಿಡಿದು ನಡೆಸುವ ಏರ್ಪಾಡು ಬೇಕು. ಇವಿಲ್ಲದೆ ಕೇಳುವುದು ಗಾಯವನ್ನು ಬಿಚ್ಚಿ ಹಾಗೆಯೇ ಬಿಟ್ಟಂತೆ.

ಇದು ಅಸಾಧ್ಯವಾದುದಲ್ಲ. ಮುಂಬಯಿಯ ಬಾಂದ್ರಾದಲ್ಲಿರುವ ನಗರಪಾಲಿಕೆಯ ಭಾಭಾ ಆಸ್ಪತ್ರೆಯಲ್ಲಿ ಈ ಶತಮಾನದ ಆರಂಭದಲ್ಲಿಯೇ 'ದಿಲಾಸಾ' ಎಂಬ ಸಾಂತ್ವನ ಕೇಂದ್ರವನ್ನು ತೆರೆದು, ಆಸ್ಪತ್ರೆಯ ಸಿಬ್ಬಂದಿಗೇ ಈ ಕಾರ್ಯದಲ್ಲಿ ತರಬೇತು ಕೊಡಲಾಯಿತು. ಕಾನೂನಿನ ಬೆಂಬಲವೂ ಉಂಟು. 2006ರಲ್ಲಿ ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯ ಮೇರೆಗೆ, ಹಿಂಸೆಗೊಳಗಾದವಳು ಕೋರಿದರೆ ಆಸ್ಪತ್ರೆಯು ಚಿಕಿತ್ಸೆ ಕೊಡಲೇಬೇಕು. ಮುಂಚಿತವಾಗಿ ದೂರು ದಾಖಲಾಗಿಲ್ಲವೆಂಬ ನೆಪದಿಂದ ನಿರಾಕರಿಸುವಂತಿಲ್ಲ. ವೈದ್ಯಕೀಯ ವರದಿಯ ಪ್ರತಿಯನ್ನು ಆಕೆಗೆ ಉಚಿತವಾಗಿ ಕೊಡತಕ್ಕದ್ದು.

ಆದುದರಿಂದ ಪ್ರತಿಯೊಂದು ಜಿಲ್ಲಾಸ್ಪತ್ರೆಯಲ್ಲಿಯೂ ಹಗಲಿರುಳು ಇಂತಹ ಏರ್ಪಾಡು ಇರುವಂತೆ ಸರಕಾರದವರು ನೋಡಿಕೊಳ್ಳಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಈ ಹೊಸ ಹೊರೆಯನ್ನು ಈಗಾಗಲೇ ದಣಿದಿರುವ ದಾದಿಯರ ಹೆಗಲಿಗೆ ಬರಿದೆ ಹೊರಿಸದೆ, ಅವರ ಸಂಖ್ಯೆಯನ್ನೂ ಹೆಚ್ಚಿಸಬೇಕು. “ಮನೆಯಲ್ಲಿ ನಿನಗೆ ಭಯವುಂಟೇನಮ್ಮಾ?” ಎಂಬ ಒಂದು ಮಾತನ್ನು ಇದುವರೆಗೆ ಯಾರೂ ಕೇಳದೆ ಹೋದುದರಿಂದಲೇ ಎಷ್ಟೋ ಮಂದಿ ಎರಡನೆಯ ಸಲ ಅದೇ ಆಸ್ಪತ್ರೆಗೆ ಬಂದಿರುವರು. ಮೂರನೆಯ ಸಲ ಬರುವುದು ಹೆಣವಾಗಬಾರದು.