ಹಿತ್ತಲಲ್ಲಿ ನಿಂತ ಕಾರಿನ ಬೆಲೆ

ಕಳೆದ ಯುಗಾದಿಯ ಮರುದಿನ ಧಾರವಾಡ ಸೀಮೆಯ ನಮ್ಮ ಬೀಗರ ಮನೆಯಿಂದ ಕರೆ ಬಂದಿತು. ಮನೆಯ ಹಿರಿಯರು ತೀರಿಕೊಂಡು ಬಹುಕಾಲವಾದ ಮೇಲೆ ಅಣ್ಣತಮ್ಮಂದಿರಿಬ್ಬರು ಆಸ್ತಿಯನ್ನು ಸಮಾಧಾನದಿಂದಲೇ ಪಾಲು ಮಾಡಿಕೊಳ್ಳುತ್ತಿದ್ದರು. ಹೊಲ, ಮನೆ, ಪಾತ್ರೆಪಡಗಗಳೆಲ್ಲ ಹಂಚಿಕೆಯಾಗಿ, ಕೊನೆಗೆ ಒಂದೇ ವಸ್ತುವಿನ ಬಳಿ ಮಾತು ನಿಂತಿತ್ತು. ಅದು ಹಿತ್ತಲ ಬೇವಿನ ಮರದ ಕೆಳಗಿದ್ದ, ತಂದೆಯವರ 1972ರ ಅಂಬಾಸಿಡರ್ ಕಾರು. ಹಳೆಯ ಕಾರುಗಳಿಗೆ ಈಗ ಲಕ್ಷಗಟ್ಟಲೆ ಬೆಲೆಯೆಂದು ಯಾರಿಂದಲೋ ಕೇಳಿದ್ದ ಅಣ್ಣ, ಅದನ್ನು ಮೂರು ಲಕ್ಷ ರೂಪಾಯಿಗೆ ಹಿಡಿದು ತಮ್ಮನ ಪಾಲಿಗೆ ಸೇರಿಸಬೇಕೆಂದಿದ್ದ. ತಮ್ಮನಿಗೋ ಆ ಕಾರಿನ ಮೇಲೆ ಬಲು ಮಮತೆ. ಆ ಬೆಲೆಗೂ ಒಪ್ಪಿ, ಮಗಳ ಕಾಲೇಜು ವಿದ್ಯಾಭ್ಯಾಸಕ್ಕೆಂದು ಇರಿಸಿದ್ದ ಹಣದಿಂದ ದುರಸ್ತಿ ಮಾಡಿಸಲು ಸಿದ್ಧನಾಗಿದ್ದ. ವಾಹನಗಳ ಕಾರ್ಯಾಗಾರದಲ್ಲಿ ಆಯುಷ್ಯ ಸವೆಸಿದವನೆಂದು ಬೆಲೆ ಕಟ್ಟುವ ಹೊಣೆ ನನ್ನ ಮೇಲೆ ಬಿದ್ದಿತು.

ವಾಚಕರಲ್ಲಿ ಅನೇಕರ ಹಿತ್ತಲಲ್ಲಿಯೂ ಇಂಥ ಒಂದು ಅಂಬಾಸಿಡರ್ ಅಥವಾ ಫಿಯೆಟ್ ನಿಂತಿರಬಹುದು. ಆದುದರಿಂದ ನಾನು ಕಂಡ ಕ್ರಮವನ್ನು ಇಲ್ಲಿ ವಿವರವಾಗಿ ಬರೆಯುತ್ತೇನೆ.

ಮೊದಲು ಕಾರಿನ ಕುಲವನ್ನು ಅರಿಯಬೇಕು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ರೂಪುಗೊಂಡ ಅಂಬಾಸಿಡರನ್ನು ಹಿಂದುಸ್ಥಾನ್ ಮೋಟರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿತು. ಅರ್ಧ ಶತಮಾನಕ್ಕೂ ಮಿಕ್ಕಿದ ಆ ಅವಧಿಯಲ್ಲಿ ಅದರ ಮೂಲ ಆಕಾರ ಹೆಚ್ಚು ಬದಲಾಗಲಿಲ್ಲ. ಇದರಿಂದ ಒಂದು ಲಾಭ, ಒಂದು ನಷ್ಟ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಪೇಟೆಗಳಲ್ಲಿ ಹುಡುಕಿದರೆ ಬಿಡಿಭಾಗಗಳು ಇಂದಿಗೂ ದೊರೆಯುತ್ತವೆ, ಅದು ಲಾಭ. ಆದರೆ ಕಾರು ಅಪರೂಪದ್ದಲ್ಲವಾದ್ದರಿಂದ, ಹಳೆಯದಾಯಿತೆಂಬ ಒಂದೇ ಕಾರಣಕ್ಕೆ ಅದರ ಬೆಲೆ ಏರುವುದಿಲ್ಲ. ಅಣ್ಣನ ಮೂರು ಲಕ್ಷದ ಲೆಕ್ಕ ತಪ್ಪಿದ್ದು ಇಲ್ಲಿಯೇ. ಅದು ಪೂರ್ಣವಾಗಿ ದುರಸ್ತಿಗೊಂಡು ಓಡುವ ಕಾರಿನ ಬೆಲೆಯೇ ಹೊರತು, ಬೇವಿನೆಲೆಯಲ್ಲಿ ಹೂತ ಕಾರಿನದಲ್ಲ.

ಎರಡನೆಯದು ಕಾಗದಪತ್ರ. ಬಾನೆಟ್ಟನ್ನು ತೆರೆಯುವ ಮುನ್ನ ಟ್ರಂಕನ್ನು ತೆರೆಯಿಸಿ ಆರ್.ಸಿ. ಪುಸ್ತಕವನ್ನು ತರಿಸಿದೆ. ಅದರಲ್ಲಿನ ಚಾಸಿ ಸಂಖ್ಯೆ ಮತ್ತು ಇಂಜಿನ್ ಸಂಖ್ಯೆಗಳು ಕಾರಿನ ಮೇಲಿನ ಸಂಖ್ಯೆಗಳಿಗೆ ಸರಿಹೊಂದಿದವು. ಇಲ್ಲವಾಗಿದ್ದಲ್ಲಿ ನನ್ನ ಪರೀಕ್ಷೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪುಸ್ತಕ ಇನ್ನೂ ತಂದೆಯವರ ಹೆಸರಿನಲ್ಲಿಯೇ ಇತ್ತು. ನೋಂದಣಿಯ ಅವಧಿ 2002ರಲ್ಲಿಯೇ ಮುಗಿದಿತ್ತು. ಮಾಲೀಕರು ಮರಣ ಹೊಂದಿದಾಗ 30 ದಿನಗಳೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ವಾರಸುದಾರರು 31ನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕೆಂಬುದು ನಿಯಮ. ಎಷ್ಟೋ ಮನೆಗಳಲ್ಲಿ ದುಃಖದ ನಡುವೆ ಇದು ಮರೆತುಹೋಗುತ್ತದೆ. ಮುಂದೆ ಎಲ್ಲ ವಾರಸುದಾರರ ಸಹಿಗಾಗಿ ಊರೂರು ಅಲೆಯಬೇಕಾಗುತ್ತದೆ.

ನೋಂದಣಿಯ ನವೀಕರಣವೂ ಈಗ ಅಗ್ಗವಲ್ಲ. 15 ವರ್ಷ ಮೀರಿದ ಕಾರಿಗೆ 600 ರೂಪಾಯಿ ಇದ್ದ ಶುಲ್ಕವನ್ನು 2022ರ ಏಪ್ರಿಲಿನಿಂದ 5,000 ರೂಪಾಯಿಗೆ ಏರಿಸಲಾಯಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್ ತಿಂಗಳ ಅಧಿಸೂಚನೆ ಅದನ್ನು 10,000 ರೂಪಾಯಿ ಮಾಡಿತು. 50 ವರ್ಷ ಮೀರಿದ ಖಾಸಗಿ ವಾಹನಗಳಿಗೆ 2021ರ ಜುಲೈನಲ್ಲಿ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿ ಬಂದಿದೆ. ಅದಕ್ಕೆ ವಾಹನವು ಮೂಲ ಸ್ವರೂಪದಲ್ಲಿರಬೇಕು, ಒಡಲು ಮತ್ತು ಇಂಜಿನ್ನುಗಳಲ್ಲಿ ಭಾರಿ ಮಾರ್ಪಾಡು ಆಗಿರಬಾರದು. ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ್‍ಯಾಲಿ ಮೊದಲಾದವಕ್ಕೆ ಒಯ್ಯಬಹುದೇ ಹೊರತು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮಗಳನ್ನು ಅದರಲ್ಲಿ ಕಾಲೇಜಿಗೆ ಬಿಡುವೆನೆಂದು ಕನಸು ಕಂಡಿದ್ದ ತಮ್ಮನಿಗೆ ಇದನ್ನು ಸ್ಪಷ್ಟವಾಗಿ ಹೇಳಬೇಕಾಯಿತು.

ಮೂರನೆಯದು ತುಕ್ಕು. ಹಳೆಯ ಕಾರನ್ನು ನೋಡಲು ಹೋದವರು ಮೊದಲು ಇಂಜಿನ್ನಿನ ಮಾತೆತ್ತುತ್ತಾರೆ. ಇದು ತಪ್ಪು ಕ್ರಮ. ಲಾರಿಗಳಿಗಿರುವಂತೆ ಅಂಬಾಸಿಡರಿಗೆ ಪ್ರತ್ಯೇಕವಾದ ಚೌಕಟ್ಟು ಇಲ್ಲ; ಅದರ ತಗಡಿನ ಒಡಲೇ ಭಾರವನ್ನು ಹೊರುತ್ತದೆ. ನೆಲದ ತಗಡು, ಬಾಗಿಲುಗಳ ಕೆಳಗಿನ ಪಟ್ಟಿ, ಹಿಂಬದಿಯ ಸ್ಪ್ರಿಂಗುಗಳು ಸೇರುವ ಜಾಗ, ಇವು ಕೊಳೆತಿದ್ದರೆ ಮೇಲಿನ ಬಣ್ಣ ಎಷ್ಟು ಹೊಳೆದರೂ ವ್ಯರ್ಥ. ಒಂದು ಬ್ಯಾಟರಿ ದೀಪ, ಒಂದು ಸ್ಕ್ರೂ ಡ್ರೈವರ್ ಹಿಡಿದು ಕೆಳಗೆ ಮಲಗಿ ಚುಚ್ಚಿ ನೋಡಿದೆ. ಚಾಲಕನ ಕಾಲಡಿಯ ತಗಡು ಹಪ್ಪಳದಂತೆ ಪುಡಿಯಾಯಿತು. ಎಡಬದಿಯ ಪಟ್ಟಿಯಲ್ಲಿ ಬೆರಳು ತೂರುವಷ್ಟು ರಂಧ್ರಗಳು. ಆದರೆ ಸ್ಪ್ರಿಂಗುಗಳ ಜಾಗ, ಮುಂಭಾಗದ ಅಡ್ಡಪಟ್ಟಿ ಗಟ್ಟಿಯಾಗಿದ್ದವು. ಕಾರು ಸತ್ತಿರಲಿಲ್ಲ, ರೋಗ ಮಾತ್ರ ಬಲಿತಿತ್ತು.

ಇಂಜಿನ್ನಿನದು ಕೊನೆಯ ಸರದಿ. ನಿಂತೇ ಇದ್ದ ಇಂಜಿನ್ನನ್ನು ಬ್ಯಾಟರಿ ಕೊಟ್ಟು ಬಲವಂತವಾಗಿ ತಿರುಗಿಸಲೇಬಾರದು. ಅಂಟಿಕೊಂಡ ಪಿಸ್ಟನ್ನುಗಳು ಒಳಗನ್ನು ಗೀರುತ್ತವೆ. ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ, ರಂಧ್ರಗಳಲ್ಲಿ ಸ್ವಲ್ಪ ಎಣ್ಣೆ ಬಿಟ್ಟು, ಎರಡು ದಿನ ನೆನೆಯಲು ಬಿಟ್ಟೆವು. ಮೂರನೆಯ ದಿನ ಹ್ಯಾಂಡಲ್ ಹಾಕಿ ಮೆಲ್ಲನೆ ತಿರುಗಿಸಿದಾಗ ಅದು ನರಳುತ್ತಾ ಒಂದು ಸುತ್ತು ತಿರುಗಿತು. ತಮ್ಮನ ಕಣ್ಣುಗಳು ತುಂಬಿ ಬಂದವು. ಆದರೂ ಬ್ರೇಕಿನ ಸಿಲಿಂಡರುಗಳು ಹಿಡಿದುಕೊಂಡಿದ್ದವು, ವೈರುಗಳನ್ನು ಇಲಿಗಳು ಕಡಿದಿದ್ದವು, ರಬ್ಬರೆಲ್ಲ ಬಿರಿದಿತ್ತು.

ಆಮೇಲೆ ಹುಬ್ಬಳ್ಳಿಯ ಪರಿಚಿತ ಮೇಸ್ತ್ರಿಯೊಬ್ಬರನ್ನು ಕೂರಿಸಿಕೊಂಡು ಲೆಕ್ಕ ಬರೆದೆವು. ತಗಡಿನ ಕೆಲಸಕ್ಕೆ 1,20,000, ಬಣ್ಣಕ್ಕೆ 60,000, ಇಂಜಿನ್ನಿಗೆ 50,000, ಬ್ರೇಕು ಮತ್ತು ಸ್ಪ್ರಿಂಗುಗಳಿಗೆ 40,000, ವೈರು, ಸೀಟು, ರಬ್ಬರುಗಳಿಗೆ 60,000, ಟೈರುಗಳಿಗೆ 20,000. ಒಟ್ಟು ಮೂರೂವರೆ ಲಕ್ಷ. ತಗಡನ್ನು ಬಿಚ್ಚಿದ ಮೇಲೆ ಕಾಣುವ ಹುಳುಕಿಗಾಗಿ ಇನ್ನೂ ಕಾಲು ಭಾಗ ಸೇರಿಸಿದರೆ ನಾಲ್ಕು ಲಕ್ಷದ ಮೂವತ್ತೇಳೂವರೆ ಸಾವಿರ. ಇಷ್ಟು ಸುರಿದ ಮೇಲೆ ಬರಬಹುದಾದ ಬೆಲೆ ಅದೇ ಮೂರು ಲಕ್ಷ. ಅಂದರೆ ಕಾರನ್ನು ಧರ್ಮಕ್ಕೆ ಪಡೆದರೂ ನಷ್ಟವೇ. ಇಂದಿನ ಸ್ಥಿತಿಯಲ್ಲಿ ಅದರ ಬೆಲೆಯೆಂದರೆ ಗುಜರಿಯವರು ತೂಕಕ್ಕೆ ಕೊಡುವ ಹಣ ಮಾತ್ರ. ಗುಜರಿಗೆ ಕೊಡುವುದಾದರೂ ಮೊದಲು ನೋಂದಣಿಯನ್ನು ರದ್ದುಪಡಿಸದೆ ಕೊಡಬಾರದು.

ಇದನ್ನು ಓದಿ ಹೇಳಿದಾಗ ಅಣ್ಣ ಮೌನವಾದ. ತಮ್ಮ ಮಾತ್ರ, "ಕಾಕಾ, ಇದು ಅಪ್ಪಾಜಿಯ ನೆನಪು, ರೊಕ್ಕದ ಮಾತಲ್ಲ" ಎಂದ. ಒಳಗಿನಿಂದ ಅವರ ತಾಯಿಯವರು ಬಾಗಿಲಿಗೆ ಬಂದು ನಿಂತು ಹೇಳಿದರು: "ಅವರು ಅದನ್ನ ದಿನಾ ತೊಳದು ಒರಸ್ತಿದ್ರು. ನೀವಿಬ್ಬರೂ ಇಪ್ಪತ್ತರ ಮ್ಯಾಲೆ ವರ್ಷ ಮಳಿಗೆ ಬಿಟ್ರಿ. ಈಗ ನೆನಪು ಅಂತೀರಿ. ನನ್ನ ಮೊಮ್ಮಗಳ ಫೀ ರೊಕ್ಕಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ."

ಆ ಮಾತಿಗೆ ಯಾರಲ್ಲಿಯೂ ಉತ್ತರವಿರಲಿಲ್ಲ. ಕೊನೆಗೆ ಆದ ತೀರ್ಮಾನವಿಷ್ಟು: ಪಾಲಿನ ಪತ್ರದಲ್ಲಿ ಕಾರನ್ನು ಗುಜರಿಯ ಬೆಲೆಗೆ ಮಾತ್ರ ಹಿಡಿಯುವುದು. ಕಾರು ತಮ್ಮನಿಗೆ, ಹೆಸರು ಬದಲಾವಣೆಗೆ ಅಣ್ಣನ ಮತ್ತು ತಾಯಿಯವರ ಸಹಿ. ಮಗಳ ಹಣ ಬ್ಯಾಂಕಿನಲ್ಲಿಯೇ ಇರತಕ್ಕದ್ದು. ಸಾಲ ಮಾಡದೆ, ತಿಂಗಳ ಉಳಿತಾಯದಿಂದ, ಮೊದಲ ವರ್ಷ ಕಾಗದಪತ್ರ ಮತ್ತು ನೆಲದ ತಗಡು, ಎರಡನೆಯ ವರ್ಷ ಬ್ರೇಕು ಮತ್ತು ಇಂಜಿನ್, ಬಣ್ಣ ಎಲ್ಲದರ ಕೊನೆಗೆ. ತಮ್ಮ ಆಗಲೇ ಹೊಳೆಯುವ ಹೊಸ ಬಂಪರಿನ ಬೆಲೆ ವಿಚಾರಿಸಿ ಬಂದಿದ್ದ. ಕೂಸು ಹುಟ್ಟುವ ಮುನ್ನ ಕುಲಾವಿ ಬೇಡವೆಂದು ತಡೆದೆ.

ಈಗ ಆ ಕಾರು ತಗಡಿನ ಮಾಡಿನ ಕೆಳಗೆ, ಇಟ್ಟಿಗೆಗಳ ಮೇಲೆ ನಿಂತಿದೆ. ಅದು ಓಡುವುದೋ ಇಲ್ಲವೋ ಕಾಲವೇ ಹೇಳಬೇಕು. ಹಿತ್ತಲಲ್ಲಿ ಇಂಥ ವಾಹನವುಳ್ಳ ವಾಚಕ ಬಂಧುಗಳಲ್ಲಿ ನನ್ನದೊಂದೇ ವಿನಂತಿ. ದುರಸ್ತಿಯ ವಿಚಾರ ಮುಂದಿನ ಮಾತು. ಈ ಮಳೆಗಾಲಕ್ಕೆ ಮುನ್ನ ಅದರ ಮೇಲೊಂದು ಮಾಡು ಹಾಕಿಸಿರಿ, ಆರ್.ಸಿ. ಪುಸ್ತಕ ಯಾರ ಹೆಸರಿನಲ್ಲಿದೆಯೆಂದು ತೆರೆದು ನೋಡಿರಿ.