ಕಾಗದವಿಲ್ಲದವನ ಕೂಲಿ

ನಿರಾಶ್ರಿತರು ಬಂದರೆ ಊರಿನವರ ಕೂಲಿ ಇಳಿಯುತ್ತದೆಯೇ ಎಂಬ ಜಗಳದಲ್ಲಿ ಎರಡೂ ಕಡೆಯವರು ಕರೆತರುವ ಸಾಕ್ಷಿ ಅಮೆರಿಕದ ಮಯಾಮಿ ನಗರ. 1980ರಲ್ಲಿ ಕೆಲವೇ ತಿಂಗಳುಗಳಲ್ಲಿ ಕ್ಯೂಬಾದ ಮರಿಯಲ್ ಬಂದರಿನಿಂದ ಸುಮಾರು 1.25 ಲಕ್ಷ ಜನ ದೋಣಿ ಹತ್ತಿ ಫ್ಲಾರಿಡಾ ಸೇರಿದರು. ಮಯಾಮಿಯಲ್ಲಿ ದುಡಿಯುವವರ ಸಂಖ್ಯೆ ಸುಮಾರು ಶೇ 7ರಷ್ಟು ಏರಿತು. ಸ್ಥಳೀಯರ ಕೂಲಿಗಾಗಲಿ ಕೆಲಸಕ್ಕಾಗಲಿ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ ಎಂದು ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ಬರೆದರು. ಕಾಲು ಶತಮಾನದ ಬಳಿಕ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಅದೇ ಕಡತ ತೆರೆದು, ಹೈಸ್ಕೂಲು ಮುಗಿಸದವರ ಕೂಲಿ ಶೇ 10ರಿಂದ 30ರಷ್ಟು ಕುಸಿದಿತ್ತು ಎಂದರು. ಅವರ ಲೆಕ್ಕ ನಿಂತಿದ್ದದ್ದು ತೀರಾ ಸಣ್ಣ ಮಾದರಿಯ ಮೇಲೆ, ಆ ಮಾದರಿಯಲ್ಲಿದ್ದ ಜನರೂ ಆ ವರ್ಷಗಳಲ್ಲಿ ಬದಲಾಗಿದ್ದರು ಎಂದು ಇತರರು ತೋರಿಸಿದರು. ನನಗೆ ಕಾರ್ಡ್ ಕಡೆಯ ವಾದವೇ ಗಟ್ಟಿಯೆನಿಸುತ್ತದೆ. ಆದರೆ ಈ ಜಗ್ಗಾಟದಲ್ಲಿ ಒಂದು ಸಂಗತಿ ಮರೆಯಾಗುತ್ತದೆ: ಮರಿಯಲ್‌ನಿಂದ ಬಂದವರು ಕದ್ದುಮುಚ್ಚಿ ದುಡಿಯಬೇಕಿರಲಿಲ್ಲ.

ಟರ್ಕಿಯಲ್ಲಿ ಹಾಗಾಗಲಿಲ್ಲ. ಯುದ್ಧದಿಂದ ಪಾರಾಗಲು ಸಿರಿಯಾದಿಂದ ಬಂದವರು ಅಲ್ಲಿ ಒಂದು ಹಂತದಲ್ಲಿ 36 ಲಕ್ಷ ದಾಟಿದ್ದರು. ಅವರಿಗೆ ತಾತ್ಕಾಲಿಕ ರಕ್ಷಣೆ ಸಿಕ್ಕಿತಾದರೂ ಕೆಲಸದ ಪರವಾನಗಿಯ ನಿಯಮ ಬಂದದ್ದು 2016ರ ಜನವರಿಯಲ್ಲಿ. ಅಲ್ಲಿಯವರೆಗೆ ಹೊಟ್ಟೆ ಕೇಳುತ್ತದೆಯೇ? ಹೊಲಿಗೆ ಘಟಕಗಳಲ್ಲಿ, ಹೊಲಗಳಲ್ಲಿ, ಕಟ್ಟಡ ಕೆಲಸಗಳಲ್ಲಿ ಹಾಜರಿ ಪುಸ್ತಕಕ್ಕೆ ಸೇರದೆ ದುಡಿದರು. ವಿಶ್ವಬ್ಯಾಂಕಿಗಾಗಿ ನಡೆದ 2015ರ ಅಧ್ಯಯನದ ಪ್ರಕಾರ ಅಸಂಘಟಿತ ಕೆಲಸಗಳಿಂದ ಟರ್ಕಿಯವರೇ ದೊಡ್ಡ ಸಂಖ್ಯೆಯಲ್ಲಿ ಹೊರಬಿದ್ದರು. ಓದು ಕಡಿಮೆಯಿದ್ದವರಿಗೆ, ಹೆಂಗಸರಿಗೆ ಹೆಚ್ಚು ಏಟು ಬಿತ್ತು. ನಿರಾಶ್ರಿತರ ಪರ ಮಾತಾಡುವವರು ಇದನ್ನು ಗೊಣಗಿ ದಾಟಿಸುತ್ತಾರೆ. ದಾಟಿಸಬಾರದು. ಅದೇ ಅಧ್ಯಯನದಲ್ಲಿ ಸಂಘಟಿತ ಕೆಲಸಗಳು ಹೆಚ್ಚಿದವು ಎಂಬ ಮಾತೂ ಇದೆ. ಅಂದರೆ ಪೈಪೋಟಿ ಬಿಗಿಯಾದದ್ದು ಕಾನೂನಿನ ಕಣ್ಣು ಬೀಳದ ಕಡೆ. ಕನಿಷ್ಠ ವೇತನ ಕೊಡಲಿಲ್ಲವೆಂದು ದೂರಲಾರದವನು ಸಿಕ್ಕರೆ ಧಣಿ ದೂರಬಲ್ಲವನನ್ನು ಯಾಕೆ ಇಟ್ಟುಕೊಂಡಾನು?

2016ರ ನಿಯಮವೂ ಅರೆಮನಸ್ಸಿನದು. ಪರವಾನಗಿಗೆ ಅರ್ಜಿ ಹಾಕಬೇಕಿದ್ದವನು ಮಾಲೀಕ. ಅವನ ಲಾಭವಿದ್ದದ್ದೇ ಅರ್ಜಿ ಹಾಕದಿರುವುದರಲ್ಲಿ; ಕುರಿ ಕಾಯಲು ತೋಳನನ್ನು ಇಟ್ಟ ಹಾಗಾಯಿತು. ಹಾಗಾಗಿ ಬಹುಪಾಲು ಸಿರಿಯನ್ನರು ಹಿಂದಿನಂತೆಯೇ ದುಡಿದರು.

ಪರವಾನಗಿಯ ಕಾಗದ ಕೊಟ್ಟರೆ ನಿರಾಶ್ರಿತರು ಒಳ್ಳೆಯ ಕೆಲಸಗಳಿಗೂ ಕೈ ಹಾಕುತ್ತಾರಲ್ಲ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಅದಕ್ಕೆ ಕೊಲಂಬಿಯಾವನ್ನು ನೋಡಬೇಕು. 2018ರಲ್ಲಿ ಅದು ವೆನೆಜುವೆಲಾದಿಂದ ಬಂದಿದ್ದ ಸುಮಾರು 4.4 ಲಕ್ಷ ಮಂದಿಗೆ ವಾಸದ ಜೊತೆ ದುಡಿಯುವ ಹಕ್ಕನ್ನೂ ಕೊಟ್ಟಿತು. ಕೊಲಂಬಿಯನ್ನರ ಸಂಘಟಿತ ಉದ್ಯೋಗದ ಮೇಲಾದ ಪರಿಣಾಮ ನಗಣ್ಯ ಎಂದು ಅದನ್ನು ಅಳೆದವರು ಹೇಳಿದ್ದಾರೆ. ಹಕ್ಕು ಕೊಟ್ಟರೆ ಇನ್ನಷ್ಟು ಜನ ನುಗ್ಗುತ್ತಾರೆ ಎಂಬ ಹೆದರಿಕೆಗೆ ಟರ್ಕಿಯ ದಿನಾಂಕಗಳೇ ಉತ್ತರ: ಪರವಾನಗಿಯ ನಿಯಮ ಬರುವ ಮೊದಲೇ 20 ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿಯಾಗಿತ್ತು. ಬಾಂಬಿಗೆ ಬೆದರಿ ಓಡುವವನು ಕಾರ್ಮಿಕ ಇಲಾಖೆಯ ಸುತ್ತೋಲೆ ಓದಿಕೊಂಡು ಹೊರಡುವುದಿಲ್ಲ.

ಪರವಾನಗಿಯೊಂದರಿಂದ ಎಲ್ಲ ನೋವೂ ಮಾಯವಾಗದು. ಮನೆ ಬಾಡಿಗೆ ಏರುತ್ತದೆ, ಶಾಲೆಯ ಬೆಂಚು ತುಂಬುತ್ತದೆ. ಆ ಖರ್ಚನ್ನು ಊರಿನ ಬಡವರ ತಲೆಗೆ ಕಟ್ಟದೆ ಸರಕಾರ ಹೊರಬೇಕು. ಹಾಗೆ ಹೊತ್ತ ಉದಾಹರಣೆ ನಮ್ಮಲ್ಲೇ ಇದೆ: 1960ರಲ್ಲಿ ಬೈಲಕುಪ್ಪೆಯಲ್ಲಿ ನಿರಾಶ್ರಿತ ಟಿಬೆಟನ್ನರಿಗೆ ಆಗಿನ ಮೈಸೂರು ಸರಕಾರ ಸುಮಾರು 3,000 ಎಕರೆ ಜಮೀನು ಬಿಟ್ಟುಕೊಟ್ಟಿತು. ಬಂದವರನ್ನು ನೇರ ಕೂಲಿಗಳ ಸಾಲಿಗೆ ನೂಕದಿರುವ ಒಂದು ದಾರಿ ಅದು. ಲಕ್ಷಗಟ್ಟಲೆ ಜನ ಬಂದಿಳಿದ ಇಸ್ತಾಂಬುಲ್‌ನಲ್ಲಿ ಹಂಚಲು ಅಷ್ಟು ನೆಲವಿಲ್ಲ. ಅಲ್ಲಿ ಕೊಡಬಹುದಾದದ್ದು ಪರವಾನಗಿ. ಅದನ್ನು ಮಾಲೀಕನ ಕೈಗಲ್ಲ, ದುಡಿಯುವವನ ಹೆಸರಿಗೇ ಕೊಡಬೇಕು. ಆಗ ಧಣಿ ಕೂಲಿ ಮುರಿದುಕೊಂಡರೆ ಸಿರಿಯಾದವನೂ ಟರ್ಕಿಯವನೂ ಒಟ್ಟಿಗೆ ದೂರು ಕೊಡಬಹುದು.